ಟವೆಲ್ಲಿನ ಕೆಳಗಿನ ದರ

ದರ ಎಂಬುದು ಸ್ಥಿರ ವಸ್ತುವಲ್ಲ. ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವಿದ್ಯುತ್ ಕಾರುಗಳ ಮಾಲೀಕರ ಅವಗಾಹನೆಗಾಗಿ ಶೀಘ್ರಶಕ್ತಿ ಸಂಸ್ಥೆಯು ಈ ಸತ್ಯವನ್ನು ಆಳಂದದ ತನ್ನ ತ್ವರಿತ ಚಾರ್ಜಿಂಗ್ ಕೇಂದ್ರದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿತು. ಬರೆದ ಬಣ್ಣ ಒಣಗುವಷ್ಟರಲ್ಲಿ ಅದರ ಕೆಳಗಿನ ದರ ಮತ್ತೆ ಮತ್ತೆ ಬದಲಾದದ್ದರಿಂದ ಪೇಂಟರ್ ಬೇಸತ್ತು ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ. ಆಮೇಲೆ ಆ ಜಾಗಕ್ಕೆ ಹೊಳೆಯುವ ಪರದೆಯೊಂದು ಬಂತು. ಪರದೆಗೆ ಬೇಸರವಾಗುವುದಿಲ್ಲ.

ದರ ಬದಲಾದರೆ ಕಾರಣ ಕೇಳುವುದು ನಮ್ಮ ಜನರ ಹಳೆಯ ಚಟ. ಸಂಸ್ಥೆಯ ಬಳಿ ಕಾರಣಗಳಿಗೇನೂ ಬರವಿರಲಿಲ್ಲ. ಆಳಂದ ಮಹಾರಾಷ್ಟ್ರಕ್ಕೆ ಹತ್ತಿರವಿರುವುದರಿಂದ ಇಲ್ಲಿಯ ಕರೆಂಟು ಆಚೆ ಸೋರಿಹೋಗದಂತೆ ನೋಡಿಕೊಳ್ಳಲು ಗಡಿ ಸಾಮೀಪ್ಯ ಶುಲ್ಕವಿತ್ತು. ಅಫಜಲಪುರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಕಾಲಕ್ಕೆ, ಅವು ಡೀಸೆಲ್ ಕುಡಿಯುವಂಥವೇ ಆದರೂ, ರಸ್ತೆಯಲ್ಲಿ ಒಟ್ಟಾರೆ ಗದ್ದಲ ಹೆಚ್ಚುವುದರಿಂದ ಹಂಗಾಮು ಶುಲ್ಕ ಬೀಳುತ್ತಿತ್ತು. ಜೇವರ್ಗಿಯ ಬಿಸಿಲಿಗೆ ಕೇಬಲ್ ಕಾಯುತ್ತದೆಂದು ಅಲ್ಲಿ ಬಿಸಿಲು ಶುಲ್ಕ. ಮೋಡ ಕವಿದರೆ ಅದನ್ನು ಪ್ರಾಮಾಣಿಕವಾಗಿ ರದ್ದುಪಡಿಸಿ ಮೋಡದ ಶುಲ್ಕ ಹಾಕುತ್ತಿದ್ದರು. ಇವೆಲ್ಲದರ ಮೇಲೆ, ಕಾರು ತುಂಬಿದ ಮೇಲೂ ಪ್ಲಗ್ಗು ಕೀಳದೆ ನಿಂತವರಿಗೆ ನಿಲುಗಡೆ ಶುಲ್ಕ. ಇದೊಂದನ್ನು ಓದುಗರು ನೆನಪಿಟ್ಟುಕೊಂಡರೆ ಸಾಕು.

ನನ್ನ ಬಳಿ ಕಾರಿಲ್ಲ. ಆ ಕಾರಣಕ್ಕೇ ನಿಷ್ಪಕ್ಷಪಾತಿ ಎಂದು ಪರಿಗಣಿಸಿ ನನ್ನನ್ನು ಚಾರ್ಜಿಂಗ್ ಗ್ರಾಹಕರ ಸಂಘದ ಕಾರ್ಯದರ್ಶಿ ಮಾಡಿದ್ದರು. ಕೇಂದ್ರದ ಎದುರಿನ ಚಹಾದಂಗಡಿಯೇ ನಮ್ಮ ಕಚೇರಿ. ಅಲ್ಲಿಗೆ ಮೊದಲು ಬಂದ ದೂರು ತೊಗರಿ ವ್ಯಾಪಾರಿ ದತ್ತಪ್ಪನದು. ಆಳಂದದಲ್ಲಿ ದರ ಏರಿದಾಗ ಫೋನಿನಲ್ಲಿ ನೋಡಿದರೆ ಅಫಜಲಪುರದಲ್ಲಿ ಕಡಿಮೆ ಇತ್ತಂತೆ. ಅಲ್ಲಿಗೆ ಹೋಗುವಷ್ಟರಲ್ಲಿ ಅಲ್ಲಿ ಏರಿ ಜೇವರ್ಗಿಯಲ್ಲಿ ಇಳಿದಿತ್ತು. ಜೇವರ್ಗಿಗೆ ಹೋದರೆ ಮೋಡ ಕವಿದಿತ್ತು. ಹೀಗೆ ದತ್ತಪ್ಪ ದಿನವಿಡೀ ಚಾರ್ಜನ್ನೆಲ್ಲ ಚಾರ್ಜು ಹುಡುಕುವುದಕ್ಕೇ ಖರ್ಚು ಮಾಡಿ, ಸಂಜೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಊರು ಸೇರಿದ. ಆ ದಿನ ಮೂರೂ ತಾಲ್ಲೂಕುಗಳಲ್ಲಿ ವಿದ್ಯುತ್ ಕಾರುಗಳ ಸಂಚಾರ ಗಣನೀಯವಾಗಿ ಹೆಚ್ಚಿದೆಯೆಂದು ಸಂಸ್ಥೆ ಹರ್ಷ ವ್ಯಕ್ತಪಡಿಸಿ, ಬೇಡಿಕೆ ಹೆಚ್ಚಿದ್ದರಿಂದ ಮರುದಿನ ದರ ಏರಿಸಿತು.

ಎರಡನೆಯ ದೂರು ತಂದವನು ಮಟಕಿ ಗ್ರಾಮದ ಧರ್ಮಣ್ಣ. ದೂರು ಹೇಳುವುದಕ್ಕೂ ನಾಚಿಕೊಳ್ಳುವ ಮನುಷ್ಯ. ಅವನ ಹೆಂಡತಿ ಕಾಶಿಬಾಯಿಯ ಕಿಡ್ನಿಗಳು ಕೆಲಸ ನಿಲ್ಲಿಸಿ ಬಹಳ ದಿನವಾಗಿದ್ದವು. ವಾರಕ್ಕೆ ಎರಡು ಸಲ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಯಂತ್ರಕ್ಕೆ ಕೈಕೊಟ್ಟು ರಕ್ತ ತೊಳೆಸಿಕೊಂಡು ಬರಬೇಕು. ಹತ್ತಿರದಲ್ಲೆಲ್ಲೂ ಪಾಳಿ ಸಿಕ್ಕಿರಲಿಲ್ಲ. ಬಸ್ಸಿನ ಕುಲುಕಾಟ ಅವಳಿಗೆ ತಡೆಯದೆಂದು ಧರ್ಮಣ್ಣ ಎರಡನೇ ಕೈಯ ವಿದ್ಯುತ್ ಕಾರು ಕೊಂಡ. ಬ್ಯಾಟರಿಗೂ ವಯಸ್ಸಾಗಿತ್ತು, ಊರಿನ ಕರೆಂಟಿಗೆ ನಂಬಿಕೆಯಿರಲಿಲ್ಲ, ಹಾಗಾಗಿ ಆಳಂದದಲ್ಲಿ ನಿಂತು ತುಂಬಿಸಿಕೊಳ್ಳದೆ ಗತಿಯಿಲ್ಲ. ಒಂದು ಸಲ ಚಾರ್ಜಿನ ನಡುವೆಯೇ ದರ ಏರಿ, ಫೋನಿನಲ್ಲಿಟ್ಟಿದ್ದ ಹಣ ಸಾಲದೆ ಯಂತ್ರ ನಿಂತಿತು. ತಡವಾಗಿ ಹೋದಾಗ ಆಸ್ಪತ್ರೆಯಲ್ಲಿ ಪಾಳಿ ಬೇರೆಯವರಿಗೆ ಹೋಗಿತ್ತು. ಮುಂದಿನ ಪಾಳಿಯವರೆಗೆ ಕಾಶಿಬಾಯಿಯ ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಬಾತುಕೊಂಡವು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು.

"ರೇಟ್ ಎಷ್ಟಾದ್ರೂ ಇರ್ಲಿ ಸಾಹೇಬ್ರ, ಒಂದೇ ಇರ್ಲಿ. ಹೊಂಟಾಗ ಇದ್ದಿದ್ದು ಮುಟ್ಟೂತನ ಇದ್ರ ಸಾಕು," ಎಂದ ಧರ್ಮಣ್ಣ.

ಈ ಮಾತನ್ನು ನಾನು ಕೇಂದ್ರದ ಅಧಿಕಾರಿ ಸತೀಶಕುಮಾರನಿಗೆ ಲಿಖಿತವಾಗಿ ಸಲ್ಲಿಸಿದೆ. ಸತೀಶಕುಮಾರ ಕೆಟ್ಟವನಲ್ಲ. ಮೇಲಿನಿಂದ ಬಂದ ದರವನ್ನು ಕೆಳಗಿನವರಿಗೆ ತಿಳಿಸುವುದು, ಕೆಳಗಿನವರ ಬೈಗಳನ್ನು ಮೇಲಕ್ಕೆ ತಿಳಿಸದಿರುವುದು, ಇವೆರಡೇ ಅವನ ಕರ್ತವ್ಯ. "ನನ್ನ ಕೈಯಾಗ ಏನೂ ಇಲ್ರಿ," ಎಂದ.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಸೈದಪ್ಪ ಆ ಮಾತು ಹಿಡಿದುಕೊಂಡ. ಸೈದಪ್ಪ ದನದ ಸಂತೆಯ ದಲ್ಲಾಳಿ. ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆಲೆಗೆ ತಕ್ಕಷ್ಟು ಬೆರಳು ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಂಡು ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ.

"ಕೈಯಾಗ ಹ್ಯಾಂಗ ಇಲ್ಲ ಸಾಹೇಬ್ರ? ಐದು ಬೆರಳು ಅವ," ಎಂದ ಸೈದಪ್ಪ. "ನಮ್ಮ ಬಜಾರದಾಗೂ ರೇಟ್ ತಾಸಿಗೊಂದು ಆಗ್ತದ. ಖರೆ, ಬೆರಳು ಹಿಡದ ಮ್ಯಾಲ ಮುಗೀತು. ಎತ್ತು ದಾರ್ಯಾಗ ಕುಂಟಿದ್ರೂ ರೇಟ್ ಅದೇ. ನಿಮ್ಮ ಮಷಿನ್ ನಿಂತಲ್ಲೇ ಕುಂಟಾಕತ್ತದ."

ಸತೀಶಕುಮಾರ ಸಂಸ್ಥೆಯ ಕೈಪಿಡಿ ತೆರೆದು ನೋಡಿದ. 'ಸಿಬ್ಬಂದಿಯು ಗ್ರಾಹಕರ ಕೈ ಕುಲುಕುವುದು ಅಪೇಕ್ಷಣೀಯ' ಎಂದಿತ್ತು. ಎಷ್ಟು ಹೊತ್ತು ಕುಲುಕಬೇಕು, ಮೇಲೆ ಟವೆಲ್ ಇರಬಹುದೇ ಎಂಬ ಬಗ್ಗೆ ಕೈಪಿಡಿ ಮೌನವಾಗಿತ್ತು. ಯಂತ್ರದಲ್ಲಿ 'ಅಧಿಕಾರಿಯ ವಿವೇಚನೆ' ಎಂಬ ಗುಂಡಿಯೂ ಇತ್ತು. ಅದನ್ನು ಅಲ್ಲಿಯವರೆಗೆ ಯಾರೂ ಒತ್ತಿರಲಿಲ್ಲವಾದ್ದರಿಂದ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅವನು ಹಾಳೆ ಕಿತ್ತ.

ಮರುದಿನದಿಂದ ಕಾರಿನವರು ಸಾಲಾಗಿ ಬಂದು ಟವೆಲ್ಲಿನ ಕೆಳಗೆ ಕೈ ಇಡತೊಡಗಿದರು. ಹಿಡಿದ ಬೆರಳಿನ ದರ ಪ್ಲಗ್ಗು ಕೀಳುವವರೆಗೂ ಕದಲುತ್ತಿರಲಿಲ್ಲ. ಯಾರಿಗೆ ಎಷ್ಟಕ್ಕೆ ಕುದುರಿತೆಂದು ಮತ್ತೊಬ್ಬರಿಗೆ ತಿಳಿಯದ ಕಾರಣ ಪ್ರತಿಯೊಬ್ಬನೂ ತನಗೇ ಅಗ್ಗವಾಯಿತೆಂದು ಒಳಗೊಳಗೇ ಹಿಗ್ಗಿದ. ದತ್ತಪ್ಪನಂತೂ ಅಗತ್ಯವಿಲ್ಲದಿದ್ದರೂ ಬಂದು ಚಾರ್ಜು ಮಾಡಿಸಿಕೊಂಡು ಹೋಗುತ್ತಿದ್ದ. ಧರ್ಮಣ್ಣನ ಕಾರು ಸಮಯಕ್ಕೆ ಸರಿಯಾಗಿ ಹೊರಟಿತು, ಕಾಶಿಬಾಯಿಯ ಪಾದಗಳಿಗೆ ಮತ್ತೆ ಚಪ್ಪಲಿ ಹಿಡಿಸಿತು. ನಮ್ಮ ಸಂಘಕ್ಕೆ ಕೆಲಸವೇ ಇಲ್ಲದಂತಾಯಿತು. ಇಂಥ ಸ್ಥಿತಿ ಬಹಳ ದಿನ ಉಳಿಯುವುದು ಸಾಧ್ಯವೂ ಅಲ್ಲ, ನಿಯಮಬದ್ಧವೂ ಅಲ್ಲ.

ಪ್ರಧಾನ ಕಚೇರಿಯ ದರ ಪರಿಷ್ಕರಣಾ ವಿಭಾಗದಿಂದ ಜಯಮಾಲಾ ಎಂಬ ಅಧಿಕಾರಿಣಿ ತಪಾಸಣೆಗೆ ಬಂದರು. ಗಂಡಸರು ಜೋಡಿಜೋಡಿಯಾಗಿ ಟವೆಲ್ಲಿನ ಕೆಳಗೆ ಕೈ ತೂರಿಸಿ ಆಕಾಶ ನೋಡುತ್ತ ನಿಂತಿರುವುದನ್ನು ಅವರು ಬಹಳ ಹೊತ್ತು ಗಮನಿಸಿದರು. ಸತೀಶಕುಮಾರ ಬೆವರುತ್ತ ವಿವರಿಸಿದ. ಅವರು ಬೈಯಲಿಲ್ಲ. "ವ್ಯವಸ್ಥೆ ತುಂಬಾ ಪಾರದರ್ಶಕವಾಗಿದೆ. ಆದರೆ ಅಧಿಕೃತವಾಗಿಲ್ಲ," ಎಂದರು. ವಾರದೊಳಗೆ ಮೂರೂ ಕೇಂದ್ರಗಳಲ್ಲಿ ಈ ಪ್ರಕಟಣೆ ಬಂತು:

'ಗ್ರಾಹಕರ ಅಪೇಕ್ಷೆಯ ಮೇರೆಗೆ ಇನ್ನು ಮುಂದೆ ದರವನ್ನು ಟವೆಲ್ಲಿನ ಕೆಳಗೆ ನಿಗದಿಪಡಿಸಲಾಗುವುದು. ಟವೆಲ್ ಸಂಸ್ಥೆಯದ್ದೇ ಆಗಿರತಕ್ಕದ್ದು, ಅದರ ಬಾಡಿಗೆ ಪ್ರತ್ಯೇಕ. ಒಮ್ಮೆ ಹಿಡಿದ ಬೆರಳನ್ನು ಉಭಯತ್ರರೂ ಬದಲಾಯಿಸತಕ್ಕದ್ದಲ್ಲ. ಬೆರಳಿನ ಬೆಲೆ ಮಾತ್ರ ಬೇಡಿಕೆಗೆ ಅನುಗುಣವಾಗಿ ಆಗಾಗ ಬದಲಾಗುವುದು.'

ಸೈದಪ್ಪ ಇದನ್ನು ನನ್ನಿಂದ ಮತ್ತೊಮ್ಮೆ ಓದಿಸಿ, ಹೊಸ ಪದ್ಧತಿಯ ಜಾರಿ ನೋಡಿಕೊಳ್ಳಲು ಕೇಂದ್ರದಲ್ಲೇ ಉಳಿದಿದ್ದ ಜಯಮಾಲಾ ಅವರ ಬಳಿಗೆ ನೇರ ಹೋದ.

"ಮೇಡಂ, ಬೆರಳು ಬದಲಾಗಲ್ಲಂದ್ರ ರೇಟೂ ಬದಲಾಗಲ್ಲಂತ ಅರ್ಥ್ರಿ. ನಮ್ಮ ಹಿರ್ಯಾರ ಕಾಲದಿಂದ ಹಿಂಗ ನಡಕೊಂತ ಬಂದದ."

"ನಿಮ್ಮ ಬೆರಳು ಬದಲಾಗಿದೆಯೇ?"

ಸೈದಪ್ಪ ತನ್ನ ಕೈ ತಿರುವಿ ನೋಡಿಕೊಂಡ. "ಇಲ್ರಿ."

"ಮತ್ತೆ ದೂರೇನು?" ಎಂದು ಅವರು ಅವನಿಗೆ 'ಮಾನ್ಯತೆ ಪಡೆದ ದಲ್ಲಾಳಿ' ಎಂಬ ಗುರುತಿನ ಚೀಟಿ ಕೊಟ್ಟು, ಕೊರಳಿಗೆ ತಾವೇ ಹಾಕಿದರು. ಅಂದಿನಿಂದ ಸೈದಪ್ಪ ಆ ವಿಷಯದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕಾಶಿಬಾಯಿಯ ಪಾಳಿಯ ದಿನ ಬಂತು. ಪರದೆಯ ಮೇಲೆ ಬೆರಳಿನ ಬೆಲೆ ಬೆಳಿಗ್ಗೆಯಿಂದ ಏರುತ್ತಲೇ ಇತ್ತು. ಧರ್ಮಣ್ಣ ಟವೆಲ್ಲಿನತ್ತ ನಡೆದಾಗ ಅವಳು ಕಾರಿನಿಂದ ಇಳಿದು ಬಂದು ಅವನನ್ನು ಪಕ್ಕಕ್ಕೆ ಸರಿಸಿದಳು.

"ನೀವ್ ಸರೀರಿ. ಎತ್ತು ಮಾರೂಮುಂದೂ ನಿಮ್ಮ ಕೈ ಸೋತು ಬಂದದ," ಎಂದು ಟವೆಲ್ಲಿನ ಕೆಳಗೆ ತಾನೇ ಕೈ ಇಟ್ಟಳು.

ಹೆಂಗಸರು ಟವೆಲ್ಲಿಗೆ ಕೈ ಇಡುವುದು ನಮ್ಮ ಸಂತೆಯಲ್ಲಿ ಇಲ್ಲ. ಆದರೆ ನಿಯಮಾವಳಿಯಲ್ಲಿ ಅದಕ್ಕೆ ನಿಷೇಧವಿರಲಿಲ್ಲ. ಸತೀಶಕುಮಾರ ಅಳುಕುತ್ತ ಅವಳ ಬೆರಳು ಹಿಡಿಯಹೋದವನು ಮುಂಗೈ ತಾಗಿ ಬೆಚ್ಚಿ ಕೈ ಎಳೆದುಕೊಂಡ. ಅವಳ ಎಡಗೈ ನರ ಒಗ್ಗಲಿಲ್ಲವೆಂದು ಡಾಕ್ಟರು ಬಲಗೈಯಲ್ಲೇ ರಕ್ತನಾಳಗಳನ್ನು ಜೋಡಿಸಿ ಯಂತ್ರದ ಸೂಜಿಗೆ ಜಾಗ ಮಾಡಿದ್ದರು. ಅಲ್ಲಿ ರಕ್ತ ಸದಾ ಗುಂಯ್‌ಗುಡುತ್ತಿತ್ತು.

"ಏನ್ರಿ ಅಮ್ಮ, ಕೈಯಾಗ ಕರೆಂಟ್ ಹರ್ದಂಗ ಆಗಾಕತ್ತದ?"

"ನನಗೂ ವಾರಕ್ಕ ಎರಡ ಸಲ ಚಾರ್ಜ್ ಹಚ್ಚತಾರಪ್ಪ," ಎಂದಳು ಕಾಶಿಬಾಯಿ. "ಅಲ್ಲಿ ರೇಟ್ ಬದಲಾಗಲ್ಲ. ನಾ ಹೊತ್ತಿಗಿ ಹೋಗಬೇಕು, ಅಷ್ಟೇ. ಜಲ್ದಿ ಹಿಡಿ."

ಸತೀಶಕುಮಾರ ಮತ್ತೆ ಕೈ ತೂರಿಸಿದ. ಟವೆಲ್ಲಿನ ಕೆಳಗೆ ಏನು ನಡೆಯಿತೆಂದು ಹೇಳುವುದು ಸಂಪ್ರದಾಯಕ್ಕೆ ವಿರುದ್ಧ. ಆದರೂ ಹೇಳುತ್ತೇನೆ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದ. ಮುಷ್ಟಿಯೆಂದರೆ ಏನೂ ಇಲ್ಲ, ಪುಕ್ಕಟೆ. ಯಂತ್ರದಲ್ಲೂ ಬೆರಳು ಸೊನ್ನೆ ಎಂದೇ ಒತ್ತಿದ. ಆ ಕೇಂದ್ರದಲ್ಲಿ ಕರುಣೆ ಅಧಿಕೃತವಾಗಿ ದಾಖಲಾದದ್ದು ಅದೊಂದೇ ಸಲ. ದಾಖಲಾದದ್ದೇ ತಪ್ಪಾಯಿತು. ಯಂತ್ರ ಕರೆಂಟನ್ನೇನೋ ಬಿಟ್ಟಿತು, ಆದರೆ ಬೆರಳೇ ಇಲ್ಲದ ಗ್ರಾಹಕರನ್ನು ಅದು ಕಂಡಿರಲಿಲ್ಲವಾದ್ದರಿಂದ ಬೀಪ್ ಬೀಪ್ ಎಂದು ಕೂಗಿತು. ಒಳಗಿದ್ದ ಜಯಮಾಲಾ ಹೊರಗೆ ಬಂದರು.

ವಿಷಯ ತಿಳಿದು ಅವರ ಕಣ್ಣು ನಿಜವಾಗಿಯೂ ತುಂಬಿ ಬಂತು. "ದರ ಇರುವುದು ಬೇಡಿಕೆಯ ಮೇಲೆ," ಎಂದು ಮೃದುವಾಗಿ ವಿವರಿಸಿದರು. "ದತ್ತಪ್ಪನವರಿಗೆ ಚಾರ್ಜು ಇಲ್ಲದಿದ್ದರೆ ಮನೆಯಲ್ಲಿ ಕೂರುತ್ತಾರೆ. ಈ ತಾಯಿ ಕೂರುವಂತಿಲ್ಲ. ಅಂದರೆ ಮೂರು ತಾಲ್ಲೂಕುಗಳಲ್ಲಿ ಇವರಷ್ಟು ಬೇಡಿಕೆ ಇರುವ ಗ್ರಾಹಕರು ಇನ್ನೊಬ್ಬರಿಲ್ಲ. ಇಂಥವರಿಗೆ ಪುಕ್ಕಟೆ ಕೊಟ್ಟರೆ ಅವರ ಬೇಡಿಕೆಗೆ ಅವಮಾನ. ಇವರಿಗೆ ಐದೂ ಬೆರಳು ಸಲ್ಲಬೇಕು. ಸನ್ಮಾನವೂ ಆಗಬೇಕು."

ಸನ್ಮಾನ ಅಲ್ಲೇ, ಆಗಲೇ ಏರ್ಪಾಡಾಯಿತು. ಚಹಾದಂಗಡಿಯಿಂದ ಕುರ್ಚಿಗಳು ಬಂದವು. ದತ್ತಪ್ಪ ತನ್ನ ಅಂಗಡಿಯಿಂದ ಮೈಕು ತರಿಸಿದ. ಸಂಘದ ಪರವಾಗಿ ಸ್ವಾಗತ ಭಾಷಣ ಮಾಡಿದವನು ನಾನೇ, ಅದು ಸ್ವಲ್ಪ ಉದ್ದವೇ ಆಯಿತು. ಧರ್ಮಣ್ಣ ಗಡಿಯಾರ ನೋಡುವುದು, ಹೆಂಡತಿಯನ್ನು ನೋಡುವುದು ಮಾಡುತ್ತಿದ್ದ. ನಡುವೆ ಕಾರು ತುಂಬಿತು. ಅವನು ಪ್ಲಗ್ಗು ಕೀಳಲು ಎದ್ದರೆ, ಫೋಟೋ ಇನ್ನೂ ಆಗಿಲ್ಲವೆಂದು ಕೂರಿಸಿದರು. ಶಾಲು ಹೊದಿಸುವಾಗ ಪರದೆಯ ಮೇಲೆ ನಿಲುಗಡೆ ಶುಲ್ಕ ಓಡುತ್ತಿತ್ತು. ಅದನ್ನು ನಾವೆಲ್ಲ ನೋಡಿದೆವು, ನೋಡುತ್ತಲೇ ಚಪ್ಪಾಳೆ ತಟ್ಟಿದೆವು. ನನಗೆ ನಾಚಿಕೆಯಾಯಿತು. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಧರ್ಮಣ್ಣ ಐದು ಬೆರಳಿನ ದರ, ಟವೆಲ್ ಬಾಡಿಗೆ, ಸನ್ಮಾನದ ಹೊತ್ತಿನ ನಿಲುಗಡೆ ಶುಲ್ಕ ಎಲ್ಲವನ್ನೂ ಕಟ್ಟಿದ. ಕಾಶಿಬಾಯಿ ಕಾರಿನ ಗಾಜು ಇಳಿಸಿ ಜಯಮಾಲಾ ಅವರಿಗೆ ಹೇಳಿದಳು:

"ಮುಂದಿನ ಸಲ ಸನ್ಮಾನ ಎಷ್ಟು ಬೆರಳಿಂದಂತ ಮೊದ್ಲೇ ಹೇಳ್ರಿ ಬಾಯಿ. ನಾ ತಯಾರಾಗಿ ಬರ್ತೇನಿ."

ಜಯಮಾಲಾ ಇದನ್ನು ಉಪಯುಕ್ತ ಸಲಹೆಯೆಂದು ಬರೆದುಕೊಂಡರು. ಸನ್ಮಾನ ಶುಲ್ಕ ಮರುತಿಂಗಳಿಂದಲೇ ಜಾರಿಗೆ ಬಂದಿದೆ.

ಉಳಿದದ್ದು ಧರ್ಮಣ್ಣ ನನಗೆ ಆಮೇಲೆ ಹೇಳಿದ್ದು. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪಾಳಿ ಬೇರೆಯವರಿಗೆ ಹೋಗಿತ್ತು. ಅಲ್ಲಿಯ ನರ್ಸ್ ಮಲ್ಕಮ್ಮ ಕರಜಗಿ ಕಡೆಯವಳು, ಒಳ್ಳೆಯ ಹೆಂಗಸು. "ನಾ ಏನ್ ಮಾಡ್ಲಿ ಯವ್ವಾ, ಮಷಿನ್ ಮ್ಯಾಲ ಮಂದಿ ಅದಾರ. ಕೂಡಬೇಕಾಗ್ತದ," ಎಂದಳು. ಎಷ್ಟು ಹೊತ್ತೆಂದು ಹೇಳಲಿಲ್ಲ.

ಕಾಶಿಬಾಯಿ ಜಗಳ ಮಾಡಲಿಲ್ಲ. ಹೆಗಲ ಮೇಲಿದ್ದ ಸನ್ಮಾನದ ಶಾಲನ್ನು ತೆಗೆದು ಮಲ್ಕಮ್ಮನ ಕೈಮೇಲೆ ಹಾಕಿ, ಕೆಳಗೆ ತನ್ನ ಕೈ ಇಟ್ಟಳು. ಮಲ್ಕಮ್ಮನಿಗೆ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ, ಅವಳಪ್ಪನೂ ಎತ್ತು ಮಾರಿದವನೇ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಶಾಲು ಸ್ವಲ್ಪ ಹೊತ್ತು ಅಲ್ಲಾಡಿತು, ನಿಂತಿತು, ಮತ್ತೊಮ್ಮೆ ಅಲ್ಲಾಡಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ಇದನ್ನು ನೋಡಿ ತಮ್ಮ ತಮ್ಮ ಟವೆಲ್ಲುಗಳನ್ನು ಹೆಗಲಿನಿಂದ ತೆಗೆದು ಸಿದ್ಧರಾದರು.

ಕಾಶಿಬಾಯಿ ಬಂದು ಗಂಡನ ಪಕ್ಕ ಕೂತು, ಚಪ್ಪಲಿ ಬಿಚ್ಚಿ, ಆಗಲೇ ಬಿಗಿಯತೊಡಗಿದ್ದ ಪಾದಗಳನ್ನು ಚಾಚಿ ಅವುಗಳ ಮೇಲೆ ಶಾಲು ಹೊದಿಸಿಕೊಂಡಳು.

"ಎಷ್ಟು ತಾಸಿಗಿ ಮುಗೀತು?" ಎಂದ ಧರ್ಮಣ್ಣ.

ಅವಳು ಶಾಲಿನ ಅಂಚನ್ನು ಪಾದಗಳ ಕೆಳಗೆ ಸಿಕ್ಕಿಸಿಕೊಂಡಳು. ಅವನು ಶಾಲಿನ ಕಡೆ ನೋಡಿದ, ಮತ್ತೆ ಕೇಳಲಿಲ್ಲ. ಟವೆಲ್ಲಿನ ಕೆಳಗೆ ಕುದುರಿದ್ದನ್ನು ಹೊರಗೆ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ.