ಅಳತೆ ಮಾಮ ಕಾರು ಒರೆಸಿದ್ದು

ಬಟ್ಟೆಯ ವಿಷಯದಲ್ಲಿ ತಮಗೆ ಬುದ್ಧಿ ಹೇಳುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಅಳತೆ ಮಾಮ ನಂಬಿದ್ದರು. ಮೂವತ್ತೊಂದು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಬೆನ್ನು ಬಗ್ಗಿಸಿದ ಟೈಲರು ಹಾಗೆ ನಂಬಿದರೆ ತಪ್ಪೇನೂ ಇಲ್ಲ. ಕಣ್ಣು ಮುಚ್ಚಿಕೊಂಡು ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅದು ಬಣ್ಣ ಬಿಡುವ ಜಾತಿಯೋ, ಮೊದಲ ಒಗೆತಕ್ಕೆ ಕುಗ್ಗಿ ಮಾನ ಕಳೆಯುವ ಜಾತಿಯೋ ಹೇಳಿಬಿಡುತ್ತಿದ್ದರು. ಬೆಳಗ್ಗೆ ಮುಖ ತೊಳೆದ ಕೂಡಲೇ ಅವರ ಕೊರಳಿಗೆ ಬೀಳುವ ಟೇಪು ಮಲಗುವಾಗಲೇ ಇಳಿಯುವುದು. ಕಸುಬು ಕಲಿಸಿದ ಗುರುಗಳು ಕೊಟ್ಟ ಹಳೇ ಟೇಪು ಅದು, ಎರಡೂ ತುದಿಗೆ ಹಿತ್ತಾಳೆಯ ತಗಡು ಹೊಡೆದದ್ದು. (ಒಮ್ಮೆ ಫೋಟೋ ತೆಗೆಸುವಾಗ ಅದನ್ನು ತೆಗೆದಿಟ್ಟಿದ್ದರು. ಆ ಫೋಟೋ ನೋಡಿ ಮಗಳು, "ಅಮ್ಮನ ಪಕ್ಕ ನಿಂತಿರೋರು ಯಾರು?" ಎಂದು ಕೇಳಿದ್ದಳು.)

ಇಂಥ ಮಾಮ ಐವತ್ತಮೂರನೇ ವಯಸ್ಸಿನಲ್ಲಿ ಕಾರು ಕೊಂಡರು. ಅದೂ ಕಪ್ಪು ಬಣ್ಣದ್ದು.

"ಕಪ್ಪು ಬೇಡ ರೀ, ಒಂದು ಚೂರು ಧೂಳು ಬಿದ್ರೂ ಕಾಣತ್ತೆ," ಎಂದು ಹೆಂಡತಿ ಬಡಿದುಕೊಂಡಳು.

"ಕೋಟಿಗೆ ಕಪ್ಪೇ ಲಕ್ಷಣ ಕಣೇ," ಎಂದರು ಮಾಮ. ಕಾರನ್ನು ಅವರು ನಾಲ್ಕು ಚಕ್ರದ ಕೋಟು ಎಂದೇ ತಿಳಿದಿದ್ದರು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಡ್ರೈವಿಂಗ್ ಕಲಿತವರು. ಹೆಂಡತಿ ಮೊದಲ ಪರೀಕ್ಷೆಯಲ್ಲೇ ಪಾಸಾದಳು, ಮಾಮ ಮೂರನೆಯದರಲ್ಲಿ. (ಪರೀಕ್ಷಕರ ಅಂಗಿ ಎಡ ಭುಜದಲ್ಲಿ ಅರ್ಧ ಇಂಚು ಇಳಿದಿತ್ತು, ಅದನ್ನು ನೋಡಿಕೊಂಡು ಕಾರು ಓಡಿಸಲು ಯಾರಿಂದ ಸಾಧ್ಯ ಎಂಬುದು ಅವರ ವಾದ.) ಆದರೂ ಕಾರು ಬಂದು ಆರು ವಾರವಾದರೂ ಅದರ ಕೀ ಮಾಮನ ಜೇಬು ಬಿಟ್ಟು ಹೊರಬಂದಿರಲಿಲ್ಲ. ಕೇಳಿದಾಗಲೆಲ್ಲ, "ಕಾರು ಹೊಸದು, ಸ್ವಲ್ಪ ಒಗ್ಗಲಿ," ಎನ್ನುವರು. "ಯಾರಿಗೆ ಒಗ್ಗಬೇಕು? ನಾನೇನು ಅದಕ್ಕೆ ಮಲತಾಯಿಯಾ?" ಎಂದು ಹೆಂಡತಿ ಕೇಳಿದರೆ ಅವರಿಗೆ ಒಮ್ಮೆಗೇ ಅಂಗಡಿಯ ಕೆಲಸ ನೆನಪಾಗುವುದು.

ಹೆಂಡತಿಗೆ ಆತುರವಿತ್ತು. ಮುಂದಿನ ಭಾನುವಾರ ಪಕ್ಕದ ಊರಿನಲ್ಲಿರುವ ಅವಳ ಅಕ್ಕನ ಮನೆಗೆ ಎಲ್ಲರಿಗೂ ಊಟಕ್ಕೆ ಕರೆ ಬಂದಿತ್ತು. ಹೋದ ಸಲ ಅಕ್ಕ ನಾಲ್ಕು ಜನರ ಮುಂದೆ, "ನಿನ್ನ ಲೈಸೆನ್ಸಿಗೆ ಫ್ರೇಮು ಹಾಕಿಸಿ ಗೋಡೆಗೆ ನೇತು ಹಾಕೇ," ಎಂದಿದ್ದಳು. ಆ ಮಾತು ಇವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅಕ್ಕನ ಮನೆ ಗೇಟಿನ ಮುಂದೆ ಡ್ರೈವರ್ ಸೀಟಿನಿಂದ ಇಳಿಯಬೇಕು, ಇಳಿದು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಬೇಕು ಎಂಬುದೊಂದೇ ಅವಳ ಆಸೆ.

ಆಸೆಗೆ ಕಲ್ಲು ಬಿದ್ದದ್ದು ಸೋಮವಾರ ಬೆಳಗ್ಗೆ. ಮಾಮ ಹಲ್ಲುಜ್ಜುತ್ತಾ ಹೊರಗೆ ಬಂದರೆ ಹೆಂಡತಿ ಅವರ ಹಳೇ ಬನಿಯನ್ ಹಿಡಿದು ಕಾರಿನ ಧೂಳು ಒರೆಸಲು ಕೈ ಎತ್ತಿದ್ದಾಳೆ!

"ನಿಲ್ಲೇ!" ಎಂದು ಅವರು ಕೂಗಿದ ರಭಸಕ್ಕೆ ಎದುರು ಮನೆಯವರು ಕಿಟಕಿ ತೆರೆದರು. "ಧೂಳಿನ ಮೇಲೆ ಒಣ ಬನಿಯನ್ನಾ? ಗೀರು ಬೀಳತ್ತೆ! ಇವತ್ತಿಂದ ಈ ಮನೆಗೆ ಒಂದು ಕಾನೂನು. ಈ ಕಾರಿಗೆ ಯಾರು ಒಂದೇ ಒಂದು ಗೀರು ಹಾಕ್ತಾರೋ ಅವರು ಒಂದು ವರ್ಷ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ."

"ಯಾರು ಹಾಕಿದ್ರೂ?" ಎಂದಳು ಹೆಂಡತಿ.

"ಯಾರು ಹಾಕಿದ್ರೂ."

"ಭಾನುವಾರದವರೆಗೆ ನಾನು ಗೀರು ಹಾಕದೇ ಇದ್ರೆ?"

"ಹಾಕದೇ ಇದ್ರೆ ನಿಮ್ಮಕ್ಕನ ಮನೆಗೆ ನೀನೇ ಓಡಿಸು," ಎಂದರು ಮಾಮ ಔದಾರ್ಯದಿಂದ. ಆರು ದಿನದಲ್ಲಿ ಅವಳ ಕೈಯಿಂದ ಒಂದು ಗೀರಾದರೂ ಬೀಳದೆ ಇರಲಾರದೆಂಬ ಭರವಸೆ ಅವರಿಗಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಆ ಕಾನೂನನ್ನು ಅಡುಗೆಮನೆಯ ಬಾಗಿಲ ಮೇಲೆ ಬರೆದು ಕೆಳಗೆ ಸಹಿಯನ್ನೂ ಹಾಕಿದರು.

ಕಾನೂನು ಬಂದ ಮೇಲೆ ಸಾಮಗ್ರಿ ಬರಬೇಕಲ್ಲ? ಅದೇ ಸಂಜೆ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿ, ತೊಳೆದ ಕಾರನ್ನು ಒರೆಸುವ ಟವೆಲು ಕೇಳಿದರು. ಅಂಗಡಿಯವರು ಮೈಕ್ರೋಫೈಬರ್ ಟವೆಲುಗಳ ಒಂದು ರಾಶಿಯನ್ನೇ ಹರವಿ, "ಇದು ಮುನ್ನೂರು ಜಿಎಸ್‌ಎಂ ಸಾರ್, ಇದು ಆರುನೂರು, ಇದು ಸಾವಿರದ ಮೇಲೆ. ಜಿಎಸ್‌ಎಂ ಅಂದ್ರೆ ಏನಂದ್ರೆ..." ಎಂದು ಶುರು ಮಾಡಿದರು.

"ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗತ್ತೆ ಅಂತ," ಎಂದು ಮಾಮ ಅಡ್ಡ ಬಾಯಿ ಹಾಕಿದರು. "ಮೀನಿಗೆ ಈಜು ಕಲಿಸ್ತೀರಾ?"

ಆಮೇಲೆ ಪರೀಕ್ಷೆ ಆರಂಭವಾಯಿತು. ಒಂದೊಂದನ್ನೇ ಬೆರಳಿಂದ ಉಜ್ಜಿದರು, ಕೆನ್ನೆಗೆ ಒತ್ತಿಕೊಂಡರು, ಮೂಸಿದರು. ಸೂಜಿ ಚುಚ್ಚಿ ಒರಟಾದ ಅವರ ಬೆರಳ ತುದಿಗೆ ಟವೆಲಿನ ನವಿರಾದ ಎಳೆಗಳು ಅಂಟಿ ಅಂಟಿ ಬಿಡುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ಅವರ ಬೆರಳಿಗೆ ಕಚ್ಚಿಕೊಂಡ ಮೊದಲ ಬಟ್ಟೆ ಅದು. ಮಾಮನಿಗೆ ನಿಜವಾಗಿಯೂ ಖುಷಿಯಾಯಿತು. ಅಂಗಡಿಯವರ ಕುಡಿಯುವ ನೀರನ್ನೇ ಗಾಜಿನ ಮೇಜಿನ ಮೇಲೆ ಸುರಿದು, ಟವೆಲು ಹಾಸಿ, ಮೆಲ್ಲಗೆ ಎಳೆದು ನೋಡಿದರು. ಎಂಟು ಟವೆಲು ಒದ್ದೆಯಾದ ಮೇಲೆ ಎರಡು ಹಳದಿ ಟವೆಲು ಪಾಸಾದವು.

"ಉಜ್ಜಬೇಡಿ ಸಾರ್. ಅಗಲಕ್ಕೆ ಹಾಸಿ ಹಾಗೇ ಎಳೀರಿ, ನೀರನ್ನ ಅದೇ ಕುಡಿಯತ್ತೆ," ಎಂದರು ಅಂಗಡಿಯವರು, ಇವರು ಬೇಗ ಹೋದರೆ ಸಾಕು ಎಂಬ ದನಿಯಲ್ಲಿ. "ಬೇರೆ ಬಟ್ಟೆ ಜೊತೆ ಒಗೀಬೇಡಿ, ಅದರ ಜುಂಗೆಲ್ಲ ಇದಕ್ಕೆ ಅಂಟತ್ತೆ. ಘಮಘಮ ಅನ್ನೋ ದ್ರವ ಹಾಕಬೇಡಿ. ನೆಲಕ್ಕೆ ಬಿದ್ರೆ ಒಗೆಯೋವರೆಗೂ ಕಾರಿಗೆ ಮುಟ್ಟಿಸಬೇಡಿ. ಇಸ್ತ್ರಿಯಂತೂ ಮಾಡಲೇಬಾರದು."

"ಇಸ್ತ್ರಿ ಮಾಡಬಾರದಾ!" ಮಾಮನ ಮುಖ ಬಾಡಿತು.

"ಇನ್ನೊಂದು ಮಾತು ಸಾರ್. ಟವೆಲಿಂದ ಗೀರು ಬೀಳೋದು ಕಮ್ಮಿ. ಒರೆಸೋರ ಮೈಮೇಲಿರೋ ಉಂಗುರ, ವಾಚು, ಬೆಲ್ಟಿನ ಬಕಲ್ಲು, ಅವೇ ಜಾಸ್ತಿ ಗೀರೋದು."

ಆ ಮಾತನ್ನು ಮಾಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಮನೆಗೆ ಬಂದು ನೋಡಿದರೆ ಟವೆಲಿನ ಅಂಚಿನ ಹೊಲಿಗೆ ಅವರಿಗೆ ಹಿಡಿಸಲಿಲ್ಲ. ಗೀರು ಬಿದ್ದರೇನು ಗತಿ? ಮೂಲೆಯ ಚೀಟಿ ಕತ್ತರಿಸಿ, ನಾಲ್ಕೂ ಅಂಚಿನ ಹೊಲಿಗೆ ಬಿಚ್ಚಿ, ನಯವಾದ ರೇಷ್ಮೆಪಟ್ಟಿ ಇಟ್ಟು ಕೈಯಲ್ಲೇ ಹೊಲಿದರು. ಎರಡು ಸಂಜೆ ಹಿಡಿಯಿತು. ಗಿರಾಕಿಗಳಿಗೆಲ್ಲ "ನಾಳೆ ಬನ್ನಿ" ಎಂದರು. (ಅದನ್ನು ಅವರು ಮೊದಲೂ ಹೇಳುತ್ತಿದ್ದರು. ಈಗ ಒಂದು ಕಾರಣವಾದರೂ ಇತ್ತು.)

"ನನ್ನ ನೈಟಿ ಬಟ್ಟೆ ಕೊಟ್ಟು ನಾಲ್ಕು ತಿಂಗಳಾಯ್ತು," ಎಂದಳು ಹೆಂಡತಿ. "ಕಾರಿನ ಟವೆಲು ಎರಡೇ ದಿನಕ್ಕೆ ರೆಡಿ! ಇಪ್ಪತ್ನಾಕು ವರ್ಷ ಸಂಸಾರ ಮಾಡಿದೀನಿ, ನನ್ನ ತಲೆ ಒರೆಸೋಕೆ ಇಂಥದ್ದೊಂದು ತಂದಿದ್ದೀರಾ?"

"ನಿನ್ನ ತಲೆಗೆ ಗೀರು ಬೀಳಲ್ವಲ್ಲೇ!"

ಮಾಮನ ತಾಯಿ ಟವೆಲನ್ನು ಸವರಿ ನೋಡಿ, "ಇದನ್ನ ಮಂಡಿಗೆ ಸುತ್ತಿಕೊಂಡ್ರೆ ನನ್ನ ನೋವು ಅರ್ಧ ಕಮ್ಮಿ ಆಗ್ತಿತ್ತು ಕಣೋ," ಎಂದರು. ಮಗ ಕಿವುಡಾದರು.

ಅಂತೂ ಭಾನುವಾರ ಬಂತು. ಅಷ್ಟೂ ದಿನ ಹೆಂಡತಿ ಕಾರಿನಿಂದ ಮಾರು ದೂರ ಸರಿದೇ ಓಡಾಡಿದ್ದಳು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಾಮನಿಗೆ ಒಳಗೊಳಗೇ ಕಳವಳ. ಗೋಡೆಯ ನೆರಳಿನಲ್ಲಿ ಕಾರು ನಿಲ್ಲಿಸಿ, ನೊರೆ ಹಚ್ಚಿ, ಬಕೆಟ್ಟು ಬಕೆಟ್ಟು ನೀರು ಹೊಯ್ದು ತೊಳೆದರು. ಒರೆಸುವ ಘನಕಾರ್ಯಕ್ಕೆ ಮೊದಲು ನಿಶ್ಶಸ್ತ್ರೀಕರಣ ನಡೆಯಿತು.

"ಬಳೆ ತೆಗಿ. ಉಂಗುರ ತೆಗಿ. ಹೇರ್‌ಪಿನ್ನು?"

"ಅದು ತಲೆಯಲ್ಲಿದೆ ರೀ!"

"ಬಗ್ಗಿದಾಗ ಬೀಳತ್ತೆ, ತೆಗಿ."

ಕಾಲೇಜಿಗೆ ಹೋಗುವ ಮಗಳ ವಾಚು, ಓಲೆ, ಮೊಬೈಲು ಒಳಗೆ ಹೋದವು. ಸೊಂಟಕ್ಕೆ ಬೀರುವಿನ ಕೀಗೊಂಚಲು ಸಿಕ್ಕಿಸಿಕೊಂಡು, ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಬಂದ ತಾಯಿಯನ್ನು ಕಂಡು ಮಾಮ ಹೌಹಾರಿದರು. ಕೊರಳಿಂದ ಟೇಪು ತೆಗೆದು ನೆಲ ಅಳೆದು, ಒಂದು ಟೇಪು, ಅದರ ಮೇಲೆ ಮೂರಡಿ, ಒಟ್ಟು ಎಂಟಡಿ ದೂರದಲ್ಲಿ ಅವರ ಕುರ್ಚಿ ಹಾಕಿಸಿ, ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ನ್ಯಾಯ ಎಲ್ಲರಿಗೂ ಒಂದೇ ಎಂದು ತಮ್ಮ ವಾಚು ಬಿಚ್ಚಿದರು. ಬೆಲ್ಟು ಬಿಚ್ಚಿ, ಪ್ಯಾಂಟು ಜಾರದಂತೆ ಒಂದು ಬಟ್ಟೆಯ ಪಟ್ಟಿ ಬಿಗಿದುಕೊಂಡರು. ಅಂಗಿಯ ಕಾಲರಿನಿಂದ ಹನ್ನೊಂದು ಗುಂಡುಪಿನ್ನು ಕಿತ್ತು ಎಣಿಸಿ ಡಬ್ಬಿಗೆ ಹಾಕಿದರು.

"ನೋಡಿ, ಹಲ್ಲಿಗೆ ತುಂಬಿಸಿರೋ ಬೆಳ್ಳಿ, ಜೇಬೊಳಗಿರೋ ಕೀ ಬಿಟ್ರೆ ನನ್ನ ಮೈಮೇಲೆ ಒಂದು ಚೂರು ಲೋಹ ಇಲ್ಲ," ಎಂದರು ಹೆಮ್ಮೆಯಿಂದ.

ಒಂದು ಟವೆಲು ಹೆಂಡತಿಗೆ ಕೊಟ್ಟು ಎಡಗಡೆಯ ಬಾಗಿಲುಗಳನ್ನು ವಹಿಸಿದರು. ಮಗಳಿಗೆ ಚಕ್ರಗಳು, ಅದೂ ಹಳೇ ಬನಿಯನ್ನಿನಲ್ಲಿ. ಬಾನೆಟ್ಟು ಮಾತ್ರ ತಮಗೇ. ಹಳದಿ ಟವೆಲನ್ನು ಬೀಸಿ ಬಾನೆಟ್ಟಿನ ಮೇಲೆ ಹಾಸಿ, ಮುಂದಕ್ಕೆ ಬಾಗಿ ಎರಡು ಮೂಲೆ ಹಿಡಿದು ಮೆಲ್ಲಗೆ ತಮ್ಮ ಕಡೆಗೆ ಎಳೆದರು. ಆಹಾ! ನೀರೆಲ್ಲ ಮಂಗಮಾಯ. ಕಪ್ಪು ಬಣ್ಣದಲ್ಲಿ ಆಕಾಶ ಕಂಡಿತು, ಆಕಾಶದ ನಡುವೆ ತಮ್ಮ ಮುಖ ಕಂಡಿತು. ಮತ್ತೆ ಬಾಗಿದರು, ಮತ್ತೆ ಎಳೆದರು. ಎಲ್ಲೋ 'ಟಿಕ್' ಎಂದಿತು.

"ಅಮ್ಮಾ! ಲೋಟ ಸದ್ದು ಮಾಡಬೇಡ!"

"ನಾನು ಕಾಫಿ ಕುಡಿದು ಲೋಟ ಒಳಗಿಟ್ಟಾಯ್ತಲ್ಲೋ," ಎಂದರು ತಾಯಿ. ಮಾಮ ಕೇಳಿಸಿಕೊಳ್ಳಲಿಲ್ಲ.

ಕೆಲಸ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಹೊಲಿದ ಕೋಟನ್ನು ನೋಡುವಂತೆ ತಲೆ ಓರೆ ಮಾಡಿ ನೋಡಿದರು. ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತರು. ಬಾನೆಟ್ಟಿನ ನಟ್ಟ ನಡುವೆ ಎರಡು ಗೀರು! ಕೂದಲಿನಷ್ಟು ಸಣ್ಣ, ಗೆರೆ ಕೊರೆದಂತೆ ನೇರ, ಒಂದರ ಪಕ್ಕ ಒಂದು.

ದುಃಖದ ಹಿಂದೆಯೇ ಅವರಿಗೊಂದು ಸಣ್ಣ ಸಮಾಧಾನವೂ ಆಯಿತೆಂದು ಹೇಳದಿದ್ದರೆ ಸುಳ್ಳಾದೀತು. ಕೀ ಇನ್ನೊಂದು ವರ್ಷ ತಮ್ಮ ಜೇಬಿನಲ್ಲೇ!

"ನಾನು ಬಡ್ಕೊಂಡೆ! ನಿನ್ನ ಕೈಲಾಗಲ್ಲ ಅಂತ ಬಡ್ಕೊಂಡೆ!"

"ನಾನು ಎಡಗಡೆ ಬಾಗಿಲು ಬಿಟ್ಟು ಈಚೆ ಬಂದೇ ಇಲ್ಲ ರೀ," ಎಂದಳು ಹೆಂಡತಿ. ಅಕ್ಕನ ಮನೆಯ ಗೇಟು ಅವಳ ಕಣ್ಣ ಮುಂದೆಯೇ ಮುಚ್ಚಿಹೋಗುತ್ತಿತ್ತು.

"ಬೆಕ್ಕು ಇರಬಹುದು ಅಪ್ಪಾ," ಎಂದಳು ಮಗಳು.

"ಎರಡೇ ಉಗುರಿನ ಬೆಕ್ಕು ಯಾವೂರಲ್ಲಿದೆ? ಸುಮ್ಮನೆ ಮಾತಾಡಬಾರದು, ಅಳತೆ ತಗೋಬೇಕು. ಅಳತೆ ಸುಳ್ಳು ಹೇಳಲ್ಲ." ಮಾಮ ಕೊರಳಿಂದ ಟೇಪು ತೆಗೆದು ಬಗ್ಗಿದರು. "ಉದ್ದ ಹನ್ನೊಂದು ಇಂಚು, ಬರ್ಕೋ. ಎರಡರ ನಡುವೆ ಆರೂಕಾಲು. ಇನ್ನು ಗೀರಿನ ಅಗಲ..." ಎನ್ನುತ್ತಾ ಟೇಪಿನ ತುದಿಯನ್ನು ಗೀರಿನ ಮೇಲಿಟ್ಟರು. ಹಿತ್ತಾಳೆಯ ಮೂಲೆ ಗುಂಡಿ ಕಾಜದೊಳಗೆ ಕೂತಷ್ಟು ಸರಿಯಾಗಿ ಅದರಲ್ಲಿ ಕೂತಿತು.

ಹೆಂಡತಿ ಹತ್ತಿರ ಬಂದಳು.

"ರೀ, ಒರೆಸೋವಾಗ ಈ ಟೇಪು ಎಲ್ಲಿತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಮನ ಕೈ ತಾನಾಗಿಯೇ ಹೆಗಲಿಗೆ ಹೋಯಿತು.

ಹೆಂಡತಿ ಟೇಪನ್ನು ಎತ್ತಿ, ಎರಡೂ ತುದಿ ಸಮ ಮಾಡಿ ಅವರ ಕೊರಳಿಗೆ ಹಾಕಿದಳು. "ಈಗ ಮೊದಲಿನ ಹಾಗೇ ಬಗ್ಗಿ. ಮುಟ್ಟಿಸಬೇಡಿ, ಒಂದಿಂಚು ಮೇಲೆ ನಿಲ್ಲಿ." ಮಾಮ ಬಗ್ಗಿದರು. ಎರಡು ಹಿತ್ತಾಳೆಯ ತುದಿಗಳು ಎರಡು ಗೀರಿನ ನೇರಕ್ಕೆ ಬಂದು ತೂಗಾಡಿದವು. ಸರಿಯಾಗಿ ನೋಡಲೆಂದು ಅವರು ಇನ್ನೊಂದು ಚೂರು ಬಗ್ಗಿದರು. ಟಿಕ್ ಎಂದಿತು.

"ಇದೇ ಸದ್ದು!" ಎಂದರು ಎಂಟಡಿ ದೂರದಿಂದ ತಾಯಿ. "ನನ್ನ ಲೋಟಕ್ಕೆ ಬೈದ್ಯಲ್ಲೋ! ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ."

"ಕಾನೂನು ಹೊರಗಿನ ಲೋಹಕ್ಕೆ," ಎಂದು ಮಾಮ ವಾದಿಸಿದರು. "ಟೇಪು ನನ್ನ ಕಸುಬಿನ..." ಮಗಳು ಅಡುಗೆಮನೆಯ ಬಾಗಿಲ ಕಡೆ ಬೆರಳು ತೋರಿಸಿದಳು. ಅಲ್ಲಿ ಸಹಿ ಇನ್ನೂ ಅಳಿಸಿರಲಿಲ್ಲ. ಹೆಂಡತಿ ಅಂಗೈ ಚಾಚಿದಳು. ಮಾಮ ಜೇಬಿಗೆ ಕೈ ಹಾಕಿದರು.

ಹೆಂಡತಿ ಕಾರು ಓಡಿಸಿದಳು. ಪಕ್ಕದಲ್ಲಿ ಮಗಳು. ಹಿಂದಿನ ಸೀಟಿನಲ್ಲಿ ಮಂಡಿಗೆ ಹಳದಿ ಟವೆಲು ಸುತ್ತಿಕೊಂಡ ತಾಯಿ, ಅವರ ಪಕ್ಕದಲ್ಲಿ ಇನ್ನೊಂದು ಹಳದಿ ಟವೆಲು ತೊಡೆಯ ಮೇಲಿಟ್ಟುಕೊಂಡ ಮಾಮ. ಮೊದಲ ತಿರುವಿನಲ್ಲಿ ಅವರು ಇಲ್ಲದ ಬ್ರೇಕನ್ನು ಒತ್ತಿದರು. ಎರಡನೆಯದರಲ್ಲೂ ಒತ್ತಿದರು. ಆಮೇಲೆ ಒತ್ತುವುದು ಮರೆತುಹೋಯಿತು. ಅವಳು ಗೇರು ಬದಲಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ತಾವು ಓಡಿಸಿದರೆ ತಾಯಿ ಮುಂದಿನ ಸೀಟು ಹಿಡಿದುಕೊಂಡೇ ಇರುತ್ತಿದ್ದರು. ಈಗ ತೂಕಡಿಸುತ್ತಿದ್ದರು. ಇಷ್ಟು ದಿನ ಕೀ ಕೊಡದೆ ಸತಾಯಿಸಿದ್ದಕ್ಕೆ ಮಾಮನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಅಕ್ಕನ ಮನೆಯ ಗೇಟಿನ ಮುಂದೆ, ಎರಡು ಸ್ಕೂಟರುಗಳ ನಡುವೆ ಒಂದೇ ಏಟಿಗೆ ಕಾರು ನಿಲ್ಲಿಸಿ ಹೆಂಡತಿ ಇಳಿದಳು. ಬಾಗಿಲನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹಾಕಿದಳು. ಅಕ್ಕ ಬಾಯಿ ಬಿಟ್ಟುಕೊಂಡು ನಿಂತಳು.

"ಏನೇ, ನೀನೇ ಓಡಿಸಿಕೊಂಡು ಬಂದ್ಯಾ? ನಿನ್ನ ಗಂಡ ಸ್ಟೀರಿಂಗ್ ಬಿಟ್ಟುಕೊಟ್ರಾ?"

ಹೆಂಡತಿ ಮಾಮನ ಮುಖ ನೋಡಿದಳು. ಏನೂ ಹೇಳಲಿಲ್ಲ. ಆ ದಾಕ್ಷಿಣ್ಯಕ್ಕೆ ಮಾಮ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದರು. ಆದರೆ ಅವರು ಎದೆ ಸೆಟೆಸಿ, "ನಾನೇ ಓಡಿಸು ಅಂದೆ. ಹೆಂಗಸರಿಗೂ ಅವಕಾಶ ಕೊಡಬೇಕು ನೋಡಿ," ಎಂದುಬಿಟ್ಟರು.

"ಬರೀ ಬಾಯಿಮಾತಲ್ಲ ಕಣಮ್ಮ," ಎಂದರು ಕಾರಿನಿಂದ ಮೆಲ್ಲಗೆ ಇಳಿಯುತ್ತಿದ್ದ ತಾಯಿ. "ಬಾನೆಟ್ಟಿನ ಮೇಲೆ ಬರೆದೇ ಕೊಟ್ಟಿದ್ದಾನೆ, ಎರಡು ಸಾಲು. ನೋಡು ಬಾ."

ಎಲ್ಲರೂ ಬಾನೆಟ್ಟಿನ ಸುತ್ತ ನೆರೆದರು. ಮಾಮ ಟವೆಲು ತೆಗೆದು ಮುಖದ ಬೆವರಿಗೆ ಒತ್ತಿಕೊಂಡರು. ಆರಿಸಿ ತಂದದ್ದು ಒಳ್ಳೇ ಟವೆಲೇ, ಒಂದೇ ಸಲಕ್ಕೆ ಎಲ್ಲ ಹೀರಿತು.