ಎರಡೂವರೆ ಕಿಲೋ ಮಂಜುಗಡ್ಡೆ ಮತ್ತು ಅತ್ತೆಯ ಕಂಬಳಿ

ಉಷ್ಣ ಬೇರೆ, ತಾಪ ಬೇರೆ. ಇಷ್ಟು ಸಣ್ಣ ವಿಷಯವನ್ನು ಒಂಬತ್ತನೇ ತರಗತಿಯ ಐವತ್ತೆರಡು ಮಕ್ಕಳಿಗೆ ಅರ್ಥ ಮಾಡಿಸಿದ್ದೇನೆ; ಮನೆಯಲ್ಲಿರುವ ಎರಡೇ ಎರಡು ಹೆಂಗಸರಿಗೆ ಅರ್ಥ ಮಾಡಿಸಲು ನನ್ನಿಂದಾಗಿಲ್ಲ. ನಮ್ಮ ವಂಶಕ್ಕೆ ಡಿಗ್ರಿ ತಂದ ಮೊದಲ ಕುಡಿ ನಾನು. (ಅದಕ್ಕೆ ಮುಂಚೆ ನಮ್ಮ ಮನೆಗೆ ಬಂದ ಡಿಗ್ರಿಗಳೆಲ್ಲ ಜ್ವರದವು.) ಆದರೂ ಅತ್ತೆಯವರ ಮುಂದೆ ನನ್ನ ವಿಜ್ಞಾನ ತೆವಳಿಕೊಂಡೇ ಓಡಾಡುತ್ತದೆ.

ಈ ಸಲ ಮಾತ್ರ ಬಗ್ಗುವಂತಿರಲಿಲ್ಲ. ಮೂರು ವರ್ಷದಿಂದ ನಾನು ಹಂಗಾಮಿ ಮೇಷ್ಟ್ರು. ಗುರುವಾರ ಹನ್ನೊಂದಕ್ಕೆ ಪರಿವೀಕ್ಷಕರು ಬಂದು ನನ್ನ ಪಾಠ ನೋಡುತ್ತಾರೆ. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮುಂದಿನ ವರ್ಷ ಮನೆ. ಪಾಠಕ್ಕೆ ಮಂಜುಗಡ್ಡೆ ಬೇಕು. ಶಾಲೆಯಲ್ಲಿ ಫ್ರಿಜ್ ಇಲ್ಲ. ಮನೆಯಿಂದ ಶಾಲೆಗೆ ಬಸ್ಸಿನಲ್ಲಿ ಒಂದು ಗಂಟೆ, ಬಿಸಿಲೋ ತಲೆ ಬೇಯಿಸುವಂಥದ್ದು. ಹಿಂದಿನ ದಿನವೇ ಪಾತ್ರೆಯಲ್ಲಿ ನೀರು ತುಂಬಿ ಮನೆಯ ಫ್ರಿಜ್ಜಿನಲ್ಲಿಟ್ಟು ಎರಡೂವರೆ ಕಿಲೋ ತೂಗುವ ಭವ್ಯ ಹಿಮಪರ್ವತವೊಂದನ್ನು ಸಿದ್ಧಪಡಿಸಿದೆ. ಬೆಳಿಗ್ಗೆ ಅದಕ್ಕೆ ಹೊದಿಸಲೆಂದು ಅತ್ತೆಯವರ ಉಣ್ಣೆ ಕಂಬಳಿಗೆ ಕೈ ಹಾಕಿದೆ.

"ಏನದು ಅಳಿಯಂದ್ರೇ?"

"ಐಸಿಗೆ ಹೊದಿಸೋಕೆ ಅತ್ತೆ."

"ಯಾಕೆ, ಅದಕ್ಕೆ ಚಳಿಯಾ?"

"ಕಂಬಳಿ ಶಾಖ ಕೊಡಲ್ಲ, ಶಾಖ ಓಡಾಡೋದನ್ನ ತಡೆಯುತ್ತೆ. ನಿಮ್ಮ ಮೈ ಶಾಖ ಹೊರಗೆ ಹೋಗೋಕೆ ಬಿಡಲ್ಲ. ಹಾಗೇ ಹೊರಗಿನ ಶಾಖ ಐಸಿನ ಹತ್ರ ಬರೋಕೂ ಬಿಡಲ್ಲ."

"ಹಾಗಾದ್ರೆ ಮೂವತ್ತು ವರ್ಷ ನನ್ನ ಬೆಚ್ಚಗಿಟ್ಟಿದ್ದು ಯಾರು?"

"ನೀವೇ ಅತ್ತೆ!"

ಅತ್ತೆಯವರು ಮಗಳ ಕಡೆ ತಿರುಗಿದರು. "ನೋಡೇ, ಓದಿ ಓದಿ ಏನಾಗೋಗಿದೆ ಇವರಿಗೆ. ನೀನೂ ಜೊತೆಗೆ ಹೋಗು. ಗಂಡ ವಾಪಸ್ ಬರದಿದ್ರೂ ಕಂಬಳಿ ಬರಬೇಕು."

ಹಾಗೆ ಕಂಬಳಿಯ ಅಂಗರಕ್ಷಕಿಯಾಗಿ ಹೆಂಡತಿ ಹೊರಟಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹದಿನೈದು ದಿನದಿಂದ ನಾನು ಅವಳ ಮಿಷಿನ್ನಿನ ಎದುರು ನಿಂತು ಈ ಪಾಠ ಒಪ್ಪಿಸುತ್ತಿದ್ದೆ. ಅವಳು ಒಮ್ಮೆಯೂ ಸೂಜಿಯಿಂದ ಕಣ್ಣೆತ್ತಿರಲಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಳಿ ಸುತ್ತಿದ ಐಸಿನ ಗಂಟು ಅವಳ ಕೈಯಲ್ಲಿತ್ತು. ಮುಂದಿನ ಸೀಟಿನ ಅಜ್ಜಿಯೊಬ್ಬರು ತಟ್ಟನೆ ಎದ್ದು, "ಪಾಪ, ಹಸುಗೂಸು ಎತ್ಕೊಂಡು ನಿಂತಿದ್ದೀಯಲ್ಲ, ಕೂತ್ಕೊಳಮ್ಮ" ಅಂದರಂತೆ. ಸತ್ಯ ಹೇಳಿದರೆ ಒಂದು ಗಂಟೆ ನಿಲ್ಲಬೇಕು. ಹೆಂಡತಿ ಕೂತಳು. ಇದೆಲ್ಲ ಅವಳು ಆಮೇಲೆ ಹೇಳಿದ್ದು. ಆಗ ನಾನು ಹತ್ತು ತಲೆಗಳ ಹಿಂದೆ ಕಂಬಿಗೆ ಜೋತುಬಿದ್ದಿದ್ದೆ. ನನಗೆ ಕಂಡಿದ್ದು ಇಷ್ಟೇ: ಅವಳು ಗಂಟನ್ನು ಎದೆಗೆ ಅವಚಿಕೊಂಡಿದ್ದಾಳೆ.

"ಎದೆಗೆ ಅವಚ್ಕೋಬೇಡ ಕಣೇ!" ಎಂದು ಕೂಗಿದೆ. "ನಿನ್ನ ಮೈ ಶಾಖಕ್ಕೆ ಹಾಳಾಗುತ್ತೆ!"

ಬಸ್ಸಿನ ಗದ್ದಲ ಸ್ವಲ್ಪ ತಗ್ಗಿತು.

"ತೊಡೆ ಮೇಲೂ ಬೇಡ! ಸೀಟಿನ ಕೆಳಗೆ ತಳ್ಳು!"

"ಸುಮ್ನಿರ್ರೀ!" ಎಂದು ಅವಳು ಕಣ್ಣು ಕೆಕ್ಕರಿಸಿದಳು.

"ಎಂಥಾ ಅಪ್ಪನಪ್ಪಾ ಇವನು!" ಎಂದರು ಅಜ್ಜಿ. "ಅಯ್ಯೋ, ನೀರು ತೊಟ್ಟಿಕ್ತಿದೆ. ಕೂಸು ಒದ್ದೆ ಮಾಡ್ಕೊಂಡಿದೆ, ಬಿಚ್ಚಮ್ಮಾ."

ತೊಟ್ಟಿಕ್ಕುವುದು, ಬಿಚ್ಚುವುದು ಎರಡೇ ನನ್ನ ಕಿವಿಗೆ ಬಿದ್ದವು. ನನ್ನ ಜೀವ ಬಾಯಿಗೆ ಬಂತು. "ಬಿಚ್ಬೇಡ! ಬಿಚ್ಚಿದ್ರೆ ನನ್ನ ಕೆಲಸ ಹೋಯ್ತು! ಕೆಳಗೆ ಬಿದ್ದು ಒಡೆದ್ರೂ ಚಿಂತೆಯಿಲ್ಲ, ಹೇಗೂ ಶಾಲೆಗೆ ಹೋದ್ಮೇಲೆ ಪುಡಿ ಮಾಡ್ಬೇಕು. ಸುತ್ತಿಗೆ ತಂದಿದ್ದೀನಿ!"

ತಂದಿದ್ದೇನೆ ಎಂಬುದಕ್ಕೆ ಸಾಕ್ಷಿಯಾಗಿ ಅದನ್ನು ಎಲ್ಲರ ತಲೆಯ ಮೇಲೆ ಎತ್ತಿಯೂ ತೋರಿಸಿದೆ.

ಬಸ್ಸು ನಿಂತಿತು. ಕಂಡಕ್ಟರ್ ಊದಿದ ಸೀಟಿಯ ಸದ್ದಿಗೆ ರಸ್ತೆಯ ನಾಯಿಗಳೂ ನಿಂತವು. ನಾಲ್ಕು ಜನ ನನ್ನ ಕಾಲರ್ ಹಿಡಿದರು. (ಒಂದು ಕಾಲರಿಗೆ ನಾಲ್ಕು ಕೈ. ಹೆಂಡತಿ ಹೊಲಿದ ಅಂಗಿ, ಹರಿಯಲಿಲ್ಲ.) ಅಜ್ಜಿ ಕಂಬಳಿಯೊಳಗೆ ಕೈ ಹಾಕಿ, "ಅಯ್ಯಯ್ಯೋ, ಕೂಸು ತಣ್ಣಗೆ ಕಲ್ಲಾಗಿದೆ!" ಎಂದು ಕಿರುಚಿದರು. ಕಂಡಕ್ಟರ್ ಕಂಬಳಿಯ ಮಡಿಕೆ ಬಿಡಿಸಿದ. ನನ್ನ ಹಿಮಪರ್ವತ ಫಳಫಳ ಹೊಳೆಯಿತು.

ನಾಲ್ಕೂ ಕೈಗಳು ನನ್ನ ಕಾಲರ್ ಬಿಟ್ಟವು.

"ಇದಕ್ಕಾ ನಾನು ಸೀಟು ಬಿಟ್ಟುಕೊಟ್ಟಿದ್ದು?" ಎಂದರು ಅಜ್ಜಿ.

ಆಗಲೇ ಕಂಬಳಿ ಮುಚ್ಚಿ ಬಾಯಿಯನ್ನೂ ಮುಚ್ಚಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಕಂಡಕ್ಟರ್ ತಲೆ ಕೆರೆದುಕೊಂಡು, "ಸಾರ್, ಕಂಬಳಿ ಹೊದಿಸಿದ್ರೂ ಇದು ಯಾಕೆ ಕರಗಿಲ್ಲ?" ಎಂದುಬಿಟ್ಟ. ಮೂರು ವರ್ಷದಲ್ಲಿ ಒಬ್ಬರೂ ತಾವಾಗಿ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಸುತ್ತಿಗೆಯಿಂದ ಗಡ್ಡೆಯನ್ನು ಅಲ್ಲೇ ಒಡೆದು ಒಬ್ಬೊಬ್ಬರ ಕೈಗೆ ಒಂದೊಂದು ಚೂರಿಟ್ಟೆ.

"ಅಂಗೈ ತಣ್ಣಗಾಗ್ತಿದೆಯಾ? ಐಸಿನ ತಂಪು ನಿಮಗೆ ಬರ್ತಿಲ್ಲ, ನಿಮ್ಮ ಶಾಖ ಅದಕ್ಕೆ ಹೋಗ್ತಿದೆ! ಪೂರ್ತಿ ಕರಗೋವರೆಗೂ ತಾಪ ಸೊನ್ನೆಯಿಂದ ಏಳಲ್ಲ, ಬೇಕಾದ್ರೆ ಥರ್ಮಾಮೀಟರ್ ನೋಡಿ!"

ಡ್ರೈವರ್ ಒಂದು ಚೂರನ್ನು ಕತ್ತಿನ ಹಿಂದೆ ಇಟ್ಟುಕೊಂಡು, "ಆಹಾ, ವಿಜ್ಞಾನ ಅಂದ್ರೆ ಇದು" ಎಂದ. ಅಜ್ಜಿ ಎರಡನೇ ಚೂರು ಕೇಳಿ ಪಡೆದರು. ಅದು ನನ್ನ ಜೀವಮಾನದ ಶ್ರೇಷ್ಠ ಪಾಠ. ಮುಗಿದಾಗ ಜನರೆಲ್ಲ ಒದ್ದೆ ಕೈಯಿಂದ ಚಪ್ಪಾಳೆ ತಟ್ಟಿದರು.

"ರೀ," ಎಂದಳು ಹೆಂಡತಿ, "ಐಸೆಲ್ಲಿ?"

ಹನ್ನೊಂದಕ್ಕೆ ಐದು ನಿಮಿಷವಿರುವಾಗ ತರಗತಿಗೆ ನುಗ್ಗಿದೆವು. ಕಂಬಳಿಯನ್ನು ಹಿಂಡಿದರೆ ತಣ್ಣೀರಾದರೂ ಸಿಕ್ಕೀತೆಂದು ನಾನು ಮೂಲೆಯಲ್ಲಿ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

"ಪಾಠ ಶುರು ಮಾಡ್ರೀ."

"ಐಸಿಲ್ಲದೆ ಮೊದಲನೇ ಸಾಲೇ ನೆನಪಾಗ್ತಿಲ್ಲ ಕಣೇ!"

ಮಕ್ಕಳ ಗಲಾಟೆ ಛಾವಣಿಗೇರಿತ್ತು. ಹೆಂಡತಿಗೆ ತಡೆಯಲಾಗಲಿಲ್ಲ. ಅಳತೆಪಟ್ಟಿ ಎತ್ತಿ ಮೇಜಿಗೆ ಕುಟ್ಟಿದಳು. "ಏಯ್, ಸಾಕು! ಒಂದು ಲೋಟ ಕುದಿಯೋ ನೀರು, ಒಂದು ಹಂಡೆ ಬೆಚ್ಚಗಿನ ನೀರು. ತಾಪ ಯಾವುದಕ್ಕೆ ಜಾಸ್ತಿ?"

"ಲೋಟಕ್ಕೆ!"

"ಮನೆಮಂದಿಗೆಲ್ಲ ಸ್ನಾನ ಯಾವುದರಲ್ಲಿ ಆಗುತ್ತೆ?"

"ಹಂಡೇಲಿ!"

"ಹಾಗಾದ್ರೆ ಉಷ್ಣ ಜಾಸ್ತಿ ಇರೋದು ಅಲ್ಲಿ. ಗೊತ್ತಾಯ್ತಾ, ಎರಡೂ ಬೇರೆ ಬೇರೆ?"

ಮೂರು ವರ್ಷದಿಂದ ನಾನು ಎರಡು ಬೋರ್ಡ್ ತುಂಬ ಬರೆದು ಹೇಳುತ್ತಿದ್ದುದು ಇದನ್ನೇ.

ಆ ಹೊತ್ತಿಗೆ ಮುಖ್ಯೋಪಾಧ್ಯಾಯರ ಜೊತೆ ಪರಿವೀಕ್ಷಕರು ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ನಾನು ಏಳಲು ಹೋದೆ. ಪರಿವೀಕ್ಷಕರು ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದರು: "ಸದ್ದು ಮಾಡದೆ ಹಿಂಡಪ್ಪ. ಮೇಡಂ ಪಾಠ ಮಾಡ್ತಿದ್ದಾರೆ." ಮುಖ್ಯೋಪಾಧ್ಯಾಯರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಪರಿವೀಕ್ಷಕರ ನಗುಮುಖ ನೋಡಿದರು, ಕಣ್ಣು ಮುಚ್ಚಿಕೊಂಡರು. ನಾನು ನಲವತ್ತು ನಿಮಿಷ ಹಿಂಡಿದೆ.

ವಾರದ ನಂತರ ಮುಖ್ಯೋಪಾಧ್ಯಾಯರು ವರದಿ ಹಿಡಿದು ಖುದ್ದು ಮನೆಗೇ ಬಂದರು. ಅದರಲ್ಲಿ ಹೀಗಿತ್ತು: "ವಿಜ್ಞಾನ ಶಿಕ್ಷಕಿಯ ಬೋಧನೆ ಅತ್ಯುತ್ತಮ. ಹುದ್ದೆ ಕಾಯಂಗೊಳಿಸಬಹುದು. ಪಾಠದ ವೇಳೆ ಕಂಬಳಿ ಒಗೆಯುವ ಸಿಬ್ಬಂದಿಗೆ ಎಚ್ಚರಿಕೆ ನೀಡುವುದು."

"ಹುದ್ದೆ ನಿಮ್ಮದೇ, ಹಾಗಾಗಿ ಕಾಯಂ ಆಗೋದೂ ನೀವೇ" ಎಂದರು ಅವರು ನನಗೆ. ನಾನು ಕುಣಿಯುವುದರೊಳಗೆ ಹೆಂಡತಿಯ ಕಡೆ ತಿರುಗಿ ಕೈಮುಗಿದರು. "ಆದ್ರೆ ತಾಯಿ, ಮುಂದಿನ ತಿಂಗಳು ಪರಿವೀಕ್ಷಕರು ಹತ್ತು ಶಾಲೆಗಳ ಮೇಷ್ಟ್ರುಗಳನ್ನ ಕರ್ಕೊಂಡು ಬರ್ತಾರಂತೆ, ನಿಮ್ಮ ಪಾಠ ತೋರಿಸೋಕೆ. ನೀವು ಬರದಿದ್ರೆ ಇವರ ಕೆಲಸವೂ ಹೋಯ್ತು, ನನ್ನದೂ ಹೋಯ್ತು."

ಹೆಂಡತಿ ಸೂಜಿಯಿಂದ ಕಣ್ಣೆತ್ತಿದಳು.

"ಬರ್ತೀನಿ ಸಾರ್," ಎಂದಳು. "ಬಕೆಟ್ ಹಿಡಿಯೋಕೆ ಇವರನ್ನೇ ಕಳಿಸಿ. ಕೆಲಸ ಕಲಿತಿದ್ದಾರೆ."