ತೊಂಬತ್ತರಲ್ಲಿ ಮೂವತ್ತೇಳನೆಯದು

ಅರ್ಮಾನ್ ದೆಲೂಷ್ ಸಿಟ್ಟಾದದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾಂತ್ ನಗರದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದು ನಿವೃತ್ತನಾದ ಮನುಷ್ಯ, ಊಟದ ಕೋಣೆಯಲ್ಲಿ ತನ್ನಪ್ಪನ ಜಿಂಕೆಕೊಂಬು ಇರಲೆಂದು ಬಯಸಿದರೆ ಅದೇನು ದುರಾಸೆಯೇ? ಹೆಂಡತಿ ಸೊಲಾಂಜ್ ಆ ಕೊಂಬನ್ನು ನೆಲಮಾಳಿಗೆಗೆ ಗಡೀಪಾರು ಮಾಡಿ, ಅದರ ಜಾಗದಲ್ಲೊಂದು ಚಿತ್ರ ತೂಗುಹಾಕಿದ್ದಳು. ಹಳದಿಯ ಮೇಲೊಂದು ಕಪ್ಪು ಸುತ್ತು, ಅಷ್ಟೇ. (ಕಾಫಿ ಲೋಟ ಇಟ್ಟು ಎತ್ತಿದರೆ ಮೇಜಿನ ಮೇಲೆ ಉಳಿಯುತ್ತದಲ್ಲ, ಅಂಥದ್ದು. ಅರ್ಮಾನ್ ಅಂಥವನ್ನು ಎಷ್ಟೋ ರಚಿಸಿದ್ದ, ಸಿಕ್ಕಿದ್ದು ಬೈಗುಳ ಮಾತ್ರ.)

ಇದು ಹೆಸರಾಂತ ಕಲಾವಿದೆ ಮದಾಂ ಕೆರ್ವಾನ್ ಕೈಯಾರೆ ಅಚ್ಚು ಹಾಕಿದ್ದು, ಜಗತ್ತಿನಲ್ಲಿರುವುದೇ ತೊಂಬತ್ತು ಪ್ರತಿ ಎಂದಳು ಸೊಲಾಂಜ್. ಉಳಿದ ಎಂಬತ್ತೊಂಬತ್ತು ಗಂಡಂದಿರಿಗಾಗಿ ಅರ್ಮಾನ್ ಮರುಗಿದ.

ಭಾನುವಾರ ಸೊಲಾಂಜಳ ತಂಗಿ ಊಟಕ್ಕೆ ಬರುವವಳಿದ್ದಳು. ಚೌಕಟ್ಟು ಬಿಚ್ಚಿ ಗಾಜಿನ ಒಳಗಿನ ಧೂಳು ಒರೆಸಿಡುವಂತೆ ಗಂಡನಿಗೆ ಅಪ್ಪಣೆ ಮಾಡಿ ಸೊಲಾಂಜ್ ಕೋಳಿ ತರಲು ಹೋದಳು. ಬಿಚ್ಚಿ ನೋಡಿದರೆ ಚಿತ್ರದ ಅಂಚಿನಲ್ಲಿ ಪೆನ್ಸಿಲಿನ ಗೀಚು! 37/90 ಎಂಬ ಅಂಕಿ, ಪಕ್ಕದಲ್ಲೊಂದು ಎರೆಹುಳುವಿನಂಥ ಗೆರೆ. ಮಾರುವ ಮುಂಚೆ ತನ್ನ ಗೀಚನ್ನು ಅಳಿಸುವಷ್ಟೂ ಮರ್ಯಾದೆ ಇಲ್ಲದ ಅಂಗಡಿಯವನನ್ನು ಮನಸಾರೆ ಶಪಿಸುತ್ತ, ಅರ್ಮಾನ್ ರಬ್ಬರಿನಿಂದ ಉಜ್ಜಿ ಉಜ್ಜಿ ತೆಗೆದ.

"ಇಲ್ಲಿದ್ದ ಸಹಿ ಎಲ್ಲಿ?" ಬಂದವಳೇ ಸೊಲಾಂಜ್ ಕೇಳಿದಳು.

"ಅದಾ? ಯಾರೋ ಗೀಚಿದ್ರು. ನೋಡು, ಒಂಚೂರಾದ್ರೂ ಗೊತ್ತಾಗುತ್ತಾ?"

"ಗೀಚಿದ್ದು ಮದಾಂ ಕೆರ್ವಾನ್ ಕಣೋ! ಹೋಗು, ಇನ್ನೊಂದ್ಸಲ ಹಾಕಿಸ್ಕೊಂಡು ಬಾ. ಅಲ್ಲೀವರೆಗೂ ನಿನಗೆ ಊಟ ಇಲ್ಲ."

ಹಸಿದ ಹೊಟ್ಟೆಯಲ್ಲಿ ಟ್ರಾಮ್ ಹತ್ತಿ ಊರಾಚೆಯ ಕಲಾವಿದೆಯ ಮನೆ ತಲುಪಿದ ಅರ್ಮಾನ್, ಕ್ಷಮೆ ಕೇಳುವ ಬದಲು ಜಗಳಕ್ಕೇ ನಿಂತ. ಅಷ್ಟು ಅಮೂಲ್ಯವಾದ ಸಹಿಯನ್ನು ಪೆನ್ಸಿಲಿನಲ್ಲಿ ಹಾಕುವುದು ಯಾವ ನ್ಯಾಯ ಎಂದು ದಬಾಯಿಸಿದ. ಎಂಬತ್ತರ ಆ ಮುದುಕಿ ನಕ್ಕೂ ನಕ್ಕೂ ಕುರ್ಚಿ ಹಿಡಿದು ಕೂತಳು.

"ನನ್ನ ಚಿತ್ರಾನ ಬೈದೋರು ಬೇಕಾದಷ್ಟು ಜನ ಇದಾರೆ ಮುಸ್ಯೂ. ಅಳಿಸಿದೋರು ನೀವೇ ಮೊದಲು."

ಅಂಕಿಯನ್ನು ಮತ್ತೆ ಬರೆದು ಸಹಿ ಹಾಕಿದಳು. ಆಮೇಲೆ ಚಿತ್ರವನ್ನು ಮಗುಚಿ, ಬೆನ್ನಿಗೂ ಏನೋ ಉದ್ದಕ್ಕೆ ಬರೆದು, ಸುತ್ತಿ ಕೊಟ್ಟಳು. ಅರ್ಮಾನ್ ಗೆದ್ದವನಂತೆ ಮನೆಗೆ ಮರಳಿದ.

ಸೊಲಾಂಜ್ ತಂಗಿಯ ಎದುರಿನಲ್ಲೇ ಬಿಚ್ಚಿ ಗಟ್ಟಿಯಾಗಿ ಓದಿದಳು: 'ನನ್ನ ಸಹಿಯನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆದ ಮುಸ್ಯೂ ಅರ್ಮಾನ್ ದೆಲೂಷ್ ಅವರ ಸಮ್ಮುಖದಲ್ಲಿ ಎರಡನೆಯ ಬಾರಿ ಸಹಿ ಮಾಡಿದ್ದೇನೆ.' ಕೆಳಗೆ, ಅಗಲ ಕಿವಿಯ ಮಹಾಶಯನೊಬ್ಬ ರಬ್ಬರು ಹಿಡಿದು ನಿಂತ ಚಿತ್ರ. ಹೋಲಿಕೆ ಅದ್ಭುತವಾಗಿತ್ತು.

ಆ ಚಿತ್ರದ ಬೆನ್ನೇ ಈಗ ಗೋಡೆಯ ಮೇಲಿದೆ. ಬಂದವರೆಲ್ಲ ಓದಿ, ಒಮ್ಮೆ ಅರ್ಮಾನನ ಕಿವಿ ನೋಡಿಯೇ ಊಟಕ್ಕೆ ಕೂರುತ್ತಾರೆ.

"ಆ ಹಳದಿ ಎಷ್ಟು ಚೆನ್ನಾಗಿತ್ತು ಸೊಲಾಂಜ್, ತಿರುಗಿಸಿ ಹಾಕೇ," ಎಂದು ಅವನು ದಿನಾ ಗೋಗರೆಯುತ್ತಾನೆ.

"ಅದು ಇನ್ನೂ ಎಂಬತ್ತೊಂಬತ್ತು ಮನೇಲಿದೆ," ಎನ್ನುತ್ತಾಳೆ ಅವಳು. "ಇದು ನಮ್ಮನೇಲಿ ಮಾತ್ರ."